ಎರೆಗುಂಡಿಯ ಮೋಟರ್ ಸಮರ

ಮೊದಲ ಮಳೆಗೆ ಮೆತ್ತಗಾಗಿ, ಎರಡನೆಯದಕ್ಕೆ ಅಂಟಾಗಿ, ಮೂರನೆಯದಕ್ಕೆ ಆನೆಯ ಕಾಲನ್ನೂ ಹಿಡಿದು ನಿಲ್ಲಿಸುವ ಬಲ ಪಡೆಯುವ ಎಲೈ ಎರೆಮಣ್ಣೇ, ಕೃಷ್ಣವರ್ಣೆಯೇ, ಸಕಲಚಕ್ರನಿರೋಧಿನಿಯೇ, ನಿನ್ನ ಒಡಲಲ್ಲಿ ನಡೆದ ಘೋರಸಂಗ್ರಾಮವನ್ನು ಹೇಳಹೊರಟ ಈ ನಾಲಗೆ ತೊದಲದಂತೆ ಕಾಪಾಡು. ದ್ವಾಪರ ಕಳೆದು, ಬಿಲ್ಲುಬಾಣಗಳು ಮೂಲೆ ಸೇರಿ, ವೀರರ ಕೈಗೆ ರಿಮೋಟುಗಳು ಬಂದ ಕಾಲವದು. ಗದಗ ಪಟ್ಟಣದಲ್ಲಿ, ದಗ್ಧಸುರುಳಿಪುನರುಜ್ಜೀವನಧುರಂಧರನೂ ಸಹಸ್ರಪಂಪೋದ್ಧಾರಕನೂ ಆದ ಪಂಚಾಕ್ಷರಪ್ಪನೆಂಬ ಮಹಾಪುರುಷನಿದ್ದನು. ಸರಳವಾಗಿ ಹೇಳುವುದಾದರೆ, ಮೂವತ್ತೊಂದು ವರ್ಷದಿಂದ ಸುಟ್ಟ ಮೋಟರುಗಳಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ ಅವನದು.

ಅವನ ಎದುರಾಳಿ ದಂತೋನ್ಮೂಲನಪ್ರವೀಣ ಡಾಕ್ಟರ್ ಅಂದಾನಪ್ಪ. ಇವರಿಬ್ಬರೂ ಬೀಗರು, ಪಂಚಾಕ್ಷರಪ್ಪನ ಮಗಳು ಸುಮಂಗಲಾ ಡಾಕ್ಟರ ಸೊಸೆ. ವೈರದ ಬೀಜವನ್ನು ಬಿತ್ತಿದವನು ಏನೂ ಅರಿಯದ ಅಳಿಯ. ಕಳೆದ ದೀಪಾವಳಿಗೆ ಅವನು ತನ್ನ ತಂದೆಗೊಂದು, ಮಾವನಿಗೊಂದು, ಒಂದೇ ಅಚ್ಚಿನ ಎರಡು ರಿಮೋಟ್ ಲಾರಿಗಳನ್ನು ಉಡುಗೊರೆ ಕೊಟ್ಟನು. ಮೊಣಕೈಯಷ್ಟು ಉದ್ದ, ಅಂಗೈಯಗಲದ ಗಾಲಿಗಳು. ಮೊದಲ ಮಳೆಯ ಕೆಸರಿನಲ್ಲೇ ಎರಡರ ಮೋಟರುಗಳೂ ವೀರಮರಣವನ್ನಪ್ಪಿದವು. ಯಾವ ಹೊಸ ಮೋಟರನ್ನು ಹಾಕಬೇಕೆಂಬ ಪ್ರಶ್ನೆ ಬೀಗರೂಟದ ಎಲೆಯ ಮುಂದೆ ಎದ್ದಿತು.

ಪಂಚಾಕ್ಷರಪ್ಪ, ಒಳಗೆ ಕಾರ್ಬನ್ ತುಂಡು ಉಜ್ಜಿಕೊಂಡು ತಿರುಗುವ ಹಳೆಯ ಬಗೆಯ ಮೋಟರೇ ಸಾಕೆಂದನು. ತಂತಿಯ ಸುತ್ತು ಹೆಚ್ಚಿರಲಿ, ಓಟ ನಿಧಾನವಿರಲಿ, ಎಳೆತ ಬಲವಾಗಿರಲಿ ಎಂದನು. ಡಾಕ್ಟರು ಹೋಳಿಗೆ ಮುರಿಯುತ್ತ, ಕಾರ್ಬನ್ ಇಲ್ಲದ ಮೋಟರುಗಳು ಬಂದಾಗಿದೆ, ಜಗತ್ತು ಮುಂದೆ ಹೋಗಿದೆ ಎಂದರು. ಅಷ್ಟಕ್ಕೇ ಬಿಟ್ಟಿದ್ದರೆ ಈ ಗಾಥೆ ಹುಟ್ಟುತ್ತಿರಲಿಲ್ಲ.

"ತಂತಿ ಸುತ್ತೋ ವಿದ್ಯಾ ಇನ್ನ ಮ್ಯೂಸಿಯಂದಾಗ ಇಡೂದ ಐತಿ, ಬೀಗರ," ಎಂದುಬಿಟ್ಟರು.

ಪಂಚಾಕ್ಷರಪ್ಪ ಎಲೆ ಮಡಿಚಿ ಎದ್ದನು. ಅಂದಿನಿಂದ ಐದು ವಾರ ಇಬ್ಬರ ನಡುವೆ ಮಾತಿಲ್ಲ. ಸುಮಂಗಲಾಗೆ ಆಗ ಏಳು ತಿಂಗಳ ಬಸಿರು. ಇನ್ನು ಹನ್ನೊಂದು ದಿನಕ್ಕೆ ಅವಳ ಕುಬಸ, ಎಂದರೆ ಸೀಮಂತ. ಎರಡು ಮನೆಯವರೂ ಕೂಡಿ ಹಸಿರು ಸೀರೆ ಉಡಿಸಿ, ಬಳೆ ತೊಡಿಸಿ, ಉಡಿ ತುಂಬಬೇಕಾದ ಆ ಶುಭಕಾರ್ಯಕ್ಕೆ ಒಬ್ಬರು ಬಂದರೆ ಇನ್ನೊಬ್ಬರು ಬರಲಾರರೆಂಬ ಸುದ್ದಿ ಹಬ್ಬಿತು. ಅವಳು ಇಬ್ಬರಿಗೂ ಫೋನ್ ಮಾಡಿ, ಭಾನುವಾರ ಬೆಳಿಗ್ಗೆ ಲಾರಿ ಓಡಿಸಿ ತೀರ್ಮಾನ ಮಾಡಿಕೊಳ್ಳಿರೆಂದಳು. ಸೋತವರು ಗೆದ್ದವರ ಮನೆಗೆ ತಾವಾಗಿ ಹೋಗಿ ಕುಬಸಕ್ಕೆ ಕರೆಯಬೇಕು. ಇದು ಅವಳ ಆಜ್ಞೆ.

ಆಗ ಆರಂಭವಾಯಿತು ಆಯುಧಸನ್ನಾಹ. ಪಂಚಾಕ್ಷರಪ್ಪ ಐವತ್ತೈದು ಸುತ್ತಿನ ಮೋಟರನ್ನು ತರಿಸಿ, ಅದರ ಮೂತಿಗೆ ಹದಿಮೂರು ಹಲ್ಲಿನ ಪುಟ್ಟ ಗೇರನ್ನು ತೊಡಿಸಿದನು. ಹಲ್ಲು ಕಡಿಮೆಯಾದಷ್ಟೂ ಓಟ ಕಡಿಮೆ, ಎಳೆತ ಹೆಚ್ಚು. ಬೇರಿಂಗುಗಳಿಗೆ ಗ್ರೀಸ್ ತುಂಬಿದನು. ರಿಮೋಟಿನ ಮಾತು ಕೇಳುವ ಪುಟ್ಟ ಪೆಟ್ಟಿಗೆಯನ್ನು ಬಲೂನಿನೊಳಗೆ ಕಟ್ಟಿದನು. ಸರ್ಕೀಟಿನ ಹಲಗೆಗೆ ವಾರ್ನಿಷ್ ಬಳಿದನು. ಮೋಟರನ್ನು ಮಾತ್ರ ಮುಚ್ಚಲಿಲ್ಲ. ಸೈಕಲ್ ಟ್ಯೂಬಿನ ತುಂಡೊಂದನ್ನು ಅದರ ಮುಂದೆ ಪರದೆಯಂತೆ ಇಳಿಬಿಟ್ಟನು. ಕೆಸರು ಒಳಗೆ ಬರಬಾರದು, ಕಾವು ಹೊರಗೆ ಹೋಗಬೇಕು. ಮೂವತ್ತೊಂದು ವರ್ಷದ ತಪಸ್ಸು ಅವನಿಗೆ ಕಲಿಸಿದ್ದು ಇಷ್ಟೇ.

ಅತ್ತ ಡಾಕ್ಟರು ಕಾರ್ಬನ್ ಇಲ್ಲದ ಅತಿವೇಗದ ಮೋಟರೊಂದನ್ನು ಆರಿಸಿದರು. ಬದುಕಿಡೀ ಜನರ ಬಾಯಲ್ಲಿ ಹಲ್ಲು ಕಡಿಮೆ ಮಾಡುತ್ತ ಬಂದವರು ಗೇರಿನಲ್ಲಿ ಹೆಚ್ಚಿಸಿದರು, ಇಪ್ಪತ್ತಮೂರು ಹಲ್ಲು. ಬಳಿಕ ಮೋಟರಿಗೆ ತಮ್ಮ ದವಾಖಾನೆಯ ಕೈಗವಸು ತೊಡಿಸಿ, ದವಡೆಯ ಅಚ್ಚು ತೆಗೆಯುವ ಅಂಟಿನಿಂದ ಬಾಯಿ ಮುಚ್ಚಿದರು. ಗಾಳಿಗೂ ಪ್ರವೇಶವಿಲ್ಲದ ಅಭೇದ್ಯಕವಚ.

ಭಾನುವಾರ ಉದಯಿಸಿತು. ರಣಾಂಗಣವು ಡಾಕ್ಟರ ಹೊಸ ಮನೆಗೆಂದು ತೋಡಿದ ಪಾಯದ ಗುಂಡಿ. ಇಪ್ಪತ್ತೆರಡು ಹೆಜ್ಜೆ ಉದ್ದ, ಎರೆಮಣ್ಣು ಕಲಸಿದ ಹಿಟ್ಟಿನಂತೆ ಮಿರುಗುತ್ತಿತ್ತು. ಮೊದಲು ಆಚೆ ದಂಡೆ ಮುಟ್ಟಿದ ಲಾರಿಗೆ ಗೆಲುವು. ದಂಡೆಯ ಮೇಲೆ, ಪ್ಲಾಸ್ಟಿಕ್ ಕುರ್ಚಿಯೆಂಬ ನ್ಯಾಯಪೀಠದಲ್ಲಿ ಸುಮಂಗಲಾ ವಿರಾಜಮಾನಳಾದಳು. ಅಪ್ಪನ ಕಡೆಗೊಮ್ಮೆ, ಮಾವನ ಕಡೆಗೊಮ್ಮೆ ನೋಡಿ ಕೈಯಲ್ಲಿದ್ದ ಕರವಸ್ತ್ರವನ್ನು ಬೀಸಿದಳು.

ಡಾಕ್ಟರ ಲಾರಿ ಹಾರಿತು. ಕಾರ್ಗೆಸರಿನ ಎರಡು ರೆಕ್ಕೆಗಳನ್ನೆಬ್ಬಿಸುತ್ತ, ಕಣ್ಣು ಮುಚ್ಚಿ ತೆರೆಯುವುದರೊಳಗೆ ನಡುಗುಂಡಿಯನ್ನು ಸೇರಿತು. ಪಂಚಾಕ್ಷರಪ್ಪನ ಲಾರಿ ಬಸುರಿ ಎಮ್ಮೆಯ ಗಾಂಭೀರ್ಯದಿಂದ ಗೇಣುಗೇಣು ಸಾಗುತ್ತಿತ್ತು. ಅಂಗಡಿಯ ಗೋಡೆ, ತಂತಿಯ ಉಂಡೆಗಳು, ಬಾಗಿಲಲ್ಲಿ ಕಾಯುವ ರೈತರು ಎಲ್ಲರೂ ಆ ಗುಂಡಿಯ ದಂಡೆಯಲ್ಲಿ ನಿಂತು ತನ್ನನ್ನೇ ನೋಡುತ್ತಿರುವಂತೆ ಅವನಿಗೆ ಅನಿಸಿತು.

ಆದರೆ ಎರೆಮಣ್ಣು ಪಕ್ಷಪಾತವನ್ನರಿಯದು. ಡಾಕ್ಟರ ಲಾರಿಯ ಗಾಲಿಗಳಿಗೆ ಮಣ್ಣು ಸುತ್ತಿತು. ಸುತ್ತಿದ ಮಣ್ಣಿಗೆ ಮಣ್ಣು ಹತ್ತಿತು. ನಾಲ್ಕು ಗಾಲಿಗಳೂ ನಾಲ್ಕು ಕುಂಬಳಕಾಯಿಗಳಾದವು. ಲಾರಿ ನಿಂತಿತು. ಡಾಕ್ಟರು ಟ್ರಿಗರ್ ಬಿಡಲಿಲ್ಲ. ಕೈಗವಸಿನೊಳಗೆ ಮೋಟರು ಕಿರುಚಿತು. ಅಷ್ಟರಲ್ಲಿ ಪಂಚಾಕ್ಷರಪ್ಪನ ಲಾರಿ ತೆವಳುತ್ತ ಬಂದು ಅದನ್ನು ದಾಟಿ ಮುಂದೆ ಸಾಗಿತು. ದಡಕ್ಕೆ ಇನ್ನು ಮೂರೇ ಹೆಜ್ಜೆ ಉಳಿದಿತ್ತು.

ಆಗ ಡಾಕ್ಟರ ಮೋಟರಿನ ಕಿರುಚುವ ದನಿ ಇಳಿಯಿತು.

ಬೇರೆ ಯಾರಿಗೂ ಅದು ಕೇಳಿಸದು. ಪಂಚಾಕ್ಷರಪ್ಪನಿಗೆ ಕೇಳಿಸಿತು. ಸುರುಳಿ ಸುಡುವ ಮುನ್ನ ಮೋಟರು ಹೊರಡಿಸುವ ಆ ಒಂದು ಎಳೆ ತಗ್ಗಿದ ಸ್ವರ. ಹಿಂದೆಯೇ ತಂತಿಯ ಮೇಲಿನ ವಾರ್ನಿಷ್ ಬೇಯುವ ಕಮಟು ವಾಸನೆ. ಐದು ವಾರದ ಮೌನವನ್ನು ಅವನೇ ಮುರಿದನು.

"ಬೀಗರ, ಕೈ ಬಿಡ್ರಿ. ಅದು ಸುಡಾಕತ್ತೈತಿ."

"ಹೆದರಿಸಿ ಗೆಲ್ಲಾಕ ನೋಡಬ್ಯಾಡ್ರಿ," ಎಂದು ಡಾಕ್ಟರು ಇನ್ನಷ್ಟು ಒತ್ತಿದರು.

"ಗೆಲುವು ನೀವ ಇಟ್ಕೊರ್ರಿ. ಅದರ ಜೀವಾ ಉಳಸ್ರಿ."

ಹೀಗೆಂದವನೇ ಸಹಸ್ರಪಂಪೋದ್ಧಾರಕನು ತನ್ನ ರಿಮೋಟನ್ನು ಇಟ್ಟಿಗೆಯ ಮೇಲಿಟ್ಟು, ಇಸ್ತ್ರಿಯ ಧೋತರವನ್ನು ಮೊಣಕಾಲಿಗೇರಿಸಿ, ಆ ಘೋರಕರ್ದಮಸಾಗರಕ್ಕೆ ಧುಮುಕಿದನು. ಒಂದು ಹೆಜ್ಜೆಗೆ ಬಲಗಾಲು ಹುಗಿಯಿತು. ಎಳೆದರೆ ಕಾಲು ಬಂತು, ಚಪ್ಪಲಿ ಬರಲಿಲ್ಲ. ಒಡೆಯನ ಬೆರಳಿಲ್ಲದೆ ಅವನ ಲಾರಿ ದಡಕ್ಕೆ ಮೂರು ಹೆಜ್ಜೆ ಇರುವಾಗ ನಿಂತುಬಿಟ್ಟಿತು. ಅವನು ಹಿಂತಿರುಗಿ ನೋಡಲಿಲ್ಲ. ಡಾಕ್ಟರ ಲಾರಿಯನ್ನೆತ್ತಿ, ಬ್ಯಾಟರಿಯ ವೈರು ಕಿತ್ತು, ಕೈಗವಸನ್ನು ಹಲ್ಲಿನಿಂದ ಕಚ್ಚಿ ಹರಿದನು. ಸಣ್ಣದೊಂದು ಹೊಗೆಯೆಳೆ ಎದ್ದಿತು. ಬೆರಳಿಟ್ಟರೆ ಎರಡೆಣಿಸುವಷ್ಟೂ ಇಡಲಾಗಲಿಲ್ಲ.

ಅಷ್ಟರಲ್ಲಿ ಡಾಕ್ಟರೂ ಕೆಸರಿಗಿಳಿದು, ಮೊಣಕಾಲವರೆಗೆ ಹೂತು, ಬೀಗರ ತೋಳು ಹಿಡಿದು ನಿಂತಿದ್ದರು. ಎರಡು ಮಹಾಶಕ್ತಿಗಳು ಆ ಗುಂಡಿಯ ನಡುವೆ, ಹೆಬ್ಬೆರಳಿಗಿಂತ ತುಸು ದಪ್ಪನೆಯ ಮೋಟರೊಂದಕ್ಕೆ ಉಸಿರೂದುತ್ತ, ಬಹಳ ಹೊತ್ತು ನಿಂತವು.

ಕಾವು ಇಳಿದ ಮೇಲೆ ಪಂಚಾಕ್ಷರಪ್ಪ ಗೇರನ್ನು ಬೆರಳಿನಿಂದ ತಿರುಗಿಸಿದನು. ಸಲೀಸಾಗಿ ತಿರುಗಿತು.

"ಜೀವಾ ಐತಿ," ಎಂದನು. "ಸಣ್ಣ ಗೇರು ಹಾಕ್ರಿ. ಗವಸು ಬ್ಯಾಡ. ಉಸಿರು ಕಟ್ಟತೈತಿ ಅದಕ್ಕ."

ಡಾಕ್ಟರು ಹರಿದ ಗವಸನ್ನು ಕಿಸೆಗೆ ತುರುಕಿಕೊಂಡರು. "ಅವತ್ತ ಊಟಕ್ಕ ಕುಂತಾಗ ನಾನು ಹಂಗ ಅನ್ನಬಾರದಿತ್ತು," ಎಂದರು. ಪಂಚಾಕ್ಷರಪ್ಪ ಹುಗಿದ ಕಾಲನ್ನು ಕೀಳುವಾಗ ಬೀಗರ ಹೆಗಲಿಗೆ ಭಾರ ಹಾಕಿದನು.

ತೀರ್ಪಿಗಾಗಿ ಇಬ್ಬರೂ ನ್ಯಾಯಪೀಠದತ್ತ ತಿರುಗಿದರು. ಸುಮಂಗಲಾ ಅಷ್ಟು ಹೊತ್ತೂ ಫೋನಿನಲ್ಲಿ ಅತ್ತೆಯೊಡನೆ ಬಳೆಗಾರನ ವಿಚಾರ ಮಾತಾಡುತ್ತಿದ್ದಳು, ಏನನ್ನೂ ನೋಡಿರಲಿಲ್ಲ. ಯಾರ ಲಾರಿಯೂ ಆಚೆ ದಂಡೆ ಮುಟ್ಟಿಲ್ಲವಾದ್ದರಿಂದ ಇಬ್ಬರೂ ಸೋತಂತೆ, ಒಬ್ಬರ ಮನೆಗೆ ಒಬ್ಬರು ಹೋಗಿ ಕರೆಯಿರೆಂದಳು. ಕಾಲು ತೊಳೆದುಕೊಳ್ಳಲು ನೀರು ಕೇಳಿದರೆ, ನಳಕ್ಕೆ ನೀರು ಬರುವುದು ಗುರುವಾರವೆಂದು ನೆನಪಿಸಿದಳು.

ಆದ್ದರಿಂದ ಆ ವೀರದ್ವಯವು ಇಟ್ಟಿಗೆಯ ರಾಶಿಯ ಮೇಲೆ ಕುಳಿತು, ಮಣ್ಣು ಒಣಗಲೆಂದು ಕಾಯಿತು. ಒಣಗಿದ್ದನ್ನು ಸ್ಕ್ರೂಡ್ರೈವರಿನಿಂದ ಕೆರೆಯಿತು. ಆಮೇಲೆ ಕೋಲು ಹಾಕಿ ಗುಂಡಿಯನ್ನು ಕೆದಕಿದಾಗ, ಮುಳುಗಿದ್ದ ನಾಲ್ಕು ಚಪ್ಪಲಿಗಳಲ್ಲಿ ಎರಡು ಸಿಕ್ಕವು. ಎರಡೂ ಎಡಗಾಲಿನವು. ಒಂದೊಂದನ್ನು ಹಂಚಿಕೊಂಡು ಮೆಟ್ಟಿ, ಬೀಗರಿಬ್ಬರೂ ಒಂದೇ ಸ್ಕೂಟರಿನಲ್ಲಿ ಮನೆಗೆ ಹೋದರು.