ಹಸಿರು ಅಗ್ರಿಮೆಂಟಿನ ಮನೆ

ಬಾಡಿಗೆ ಮನೆಯಲ್ಲಿರುವವರು ನಗುವುದಕ್ಕೆಂದು ಬೇರೆ ಖರ್ಚು ಮಾಡಬೇಕಾಗಿಲ್ಲ. ಓನರ್ ಒಬ್ಬರಿದ್ದರೆ ಸಾಕು. ಕೆಂಪಾಪುರದ ನಮ್ಮ ಓನರ್ರು ತಮ್ಮ ಹೊಲವಿದ್ದ ಜಾಗದಲ್ಲೇ ಮನೆ ಕಟ್ಟಿಸಿದವರು. ಮಹಡಿಯಲ್ಲಿ ಅವರೂ ಅವರ ತಾಯಿಯೂ, ಕೆಳಗೆ ನಾವು. ಇತ್ತೀಚೆಗೆ ಅವರಿಗೆ ಪರಿಸರದ ಮೇಲೆ ಪ್ರೀತಿ ಹುಟ್ಟಿ, ಅದನ್ನೆಲ್ಲ ಬಾಡಿಗೆ ಅಗ್ರಿಮೆಂಟಿಗೆ ಸುರಿದಿದ್ದಾರೆ.

ಕೆಟ್ಟ ಅಭ್ಯಾಸ

ಹೆಬ್ಬಾಳದಿಂದ ಯಲಹಂಕದವರೆಗೆ ಮನೆ ಹುಡುಕಿ ಹುಡುಕಿ ನಮ್ಮ ಯಜಮಾನರಿಗೆ ಒಂದು ವಿದ್ಯೆ ಕರಗತವಾಗಿತ್ತು. ಓನರ್ ಏನೇ ಕೇಳಲಿ, "ಇಲ್ಲ ಸಾರ್" ಎನ್ನುವುದು. ನಾಯಿ ಸಾಕಿದ್ದೀರಾ, ನೆಂಟರು ಜಾಸ್ತಿ ಬರ್ತಾರಾ, ನಾನ್‌ವೆಜ್ ಮಾಡ್ತೀರಾ, ಎಲ್ಲಕ್ಕೂ ಅದೇ ಉತ್ತರ.

ಈ ಓನರ್ರು ಕೇಳಿದ್ದು, "ಹಸಿ ಕಸ, ಒಣ ಕಸ ಬೇರೆ ಮಾಡ್ತೀರಾ?"

"ಛೆ, ಇಲ್ಲ ಸಾರ್. ನಮ್ಮನೇಲಿ ಯಾರಿಗೂ ಅಂಥ ಅಭ್ಯಾಸ ಇಲ್ಲ."

ನಾನು ಅವರ ಕಾಲು ತುಳಿದು, ಬೇರೆ ಮಾಡುವುದಷ್ಟೇ ಅಲ್ಲ, ಗೊಬ್ಬರವನ್ನೂ ಮಾಡುತ್ತೇವೆ ಎಂದೆ. ಮನೆ ಸಿಕ್ಕಿತು. ಗೊಬ್ಬರ ಮಾಡುವುದು ಹೇಗೆಂದು ಆಮೇಲೆ ಕಲಿತೆ.

ಅಕ್ಕಿ ನೀರು

ಅಕ್ಕಿ ತೊಳೆದ ನೀರನ್ನು ಗಿಡಕ್ಕೇ ಹಾಕತಕ್ಕದ್ದು ಎಂದೂ ಅಗ್ರಿಮೆಂಟಿನಲ್ಲಿತ್ತು. ಓನರ್ರು ದಿನಾ ಬೆಳಿಗ್ಗೆ ಮಹಡಿಯಿಂದ ಬಗ್ಗಿ ಕುಂಡ ನೋಡುತ್ತಿದ್ದರು. ಒಮ್ಮೆ ಮಣ್ಣು ಒಣಗಿದ್ದು ಕಂಡು, ಅನ್ನ ಮಾಡಲಿಲ್ಲವೇ ಎಂದು ವಿಚಾರಿಸಿದರು. ಉಪ್ಪಿಟ್ಟು ಎಂದೆ. ಮಾರನೆ ದಿನವೂ ಕೇಳಿದರು. ಚಪಾತಿ ಎಂದೆ. ಅದರ ಮಾರನೆ ದಿನ ಕೆಳಗೇ ಇಳಿದು ಬಂದರು.

"ಗಿಡ ಬಾಡ್ತಾ ಇದೆ ಕಣಮ್ಮ. ಸ್ವಲ್ಪ ಅನ್ನ ಊಟ ಮಾಡಿ."

ನನ್ನ ಊಟದ ಬಗ್ಗೆ ತವರಿನವರೂ ಇಷ್ಟು ಕಳಕಳಿ ತೋರಿಸಿದ್ದಿಲ್ಲ.

ಮೊಳೆ

ಎಷ್ಟೇ ಹಸಿರಾದರೂ ಓನರ್ ಓನರ್ರೇ. ಅಗ್ರಿಮೆಂಟಿನ ಕೊನೆಯ ಸಾಲು, ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ. ನಮ್ಮ ಕ್ಯಾಲೆಂಡರು ಫ್ರಿಜ್ಜಿಗೆ ಒರಗಿಕೊಂಡೇ ಕಾಲ ಕಳೆಯಿತು.

ಅಷ್ಟರಲ್ಲಿ ಗೊಬ್ಬರದ ಡ್ರಮ್ಮಿನಲ್ಲಿ ತಾನಾಗಿ ಹುಟ್ಟಿದ ಸಿಹಿಗುಂಬಳದ ಬಳ್ಳಿ ಹೊರಗೋಡೆ ಹತ್ತಿ ಕಾಯಿ ಬಿಟ್ಟಿತು. ಅಗ್ರಿಮೆಂಟು ಮುಂದುವರಿಸುವ ದಿನ ಓನರ್ರು ಹೊಸ ಕಾಗದ ಹಿಡಿದು ಬಂದರು. ಕುಂಬಳಕಾಯಿ ಕಂಡು ಅವರ ಮುಖ ಅರಳಿತು. ಬಳ್ಳಿಗೆ ಕಟ್ಟಿದ ಹಗ್ಗ ನೋಡಿದರು, ಹಗ್ಗದ ತುದಿಗೆ ಗೋಡೆಯಲ್ಲಿದ್ದ ಮೊಳೆ ನೋಡಿದರು, ಕಾಗದ ಮಡಚಿಬಿಟ್ಟರು.

"ಬೇರೆ ಮನೆ ನೋಡ್ಕೊಳ್ಳಿ."

ನನಗೆ ನಿಜಕ್ಕೂ ಅಳು ಬಂತು. ನೀರು, ಗಾಳಿ, ಬೆಳಕು ಮೂರೂ ಇರುವ ಮನೆ ಇನ್ನೆಲ್ಲಿ ಸಿಗಬೇಕು? ಮೊಳೆ ನಾವು ಹೊಡೆದಿಲ್ಲ ಎಂದರೆ ಅವರು ನಂಬಲಿಲ್ಲ. ಹೊಡೆದವರು ಯಾರೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆಗ ಮೆಟ್ಟಿಲಿಳಿದು ಅವರ ತಾಯಿಯೇ ಬಂದರು, ಕೈಯಲ್ಲಿ ಸುತ್ತಿಗೆ.

"ಒಡ್ದೋಳು ನಾನ್ ಕಣ್ಲಾ. ಕಾಯಿ ಭಾರಕ್ಕೆ ಬಳ್ಳಿ ಕಿತ್ಕೊಂಡ್ ಬೀಳ್ತಿತ್ತು. ನಂಗೂ ಮನೆ ಖಾಲಿ ಮಾಡು ಅಂತೀಯಾ?"

ಓನರ್ರು ಮೊಳೆ ನೋಡಿದರು, ತಾಯಿಯನ್ನು ನೋಡಿದರು. ಮಡಚಿದ ಕಾಗದ ಬಿಚ್ಚಿ, ಪೆನ್ನು ಕೇಳಿ, ಕೊನೆಯ ಸಾಲಿನ ಕೆಳಗೆ ಏನೋ ಬರೆದು ಸಹಿಗೆ ಕೊಟ್ಟರು. ಅದು ಇವತ್ತಿಗೂ ನಮ್ಮ ಅಗ್ರಿಮೆಂಟಿನಲ್ಲಿದೆ:

"ಬಾಡಿಗೆದಾರರು ಗೋಡೆಗೆ ಮೊಳೆ ಹೊಡೆಯತಕ್ಕದ್ದಲ್ಲ. ಮಾಲೀಕರ ತಾಯಿಯವರು ಹೊಡೆಯುವಾಗ ಸ್ಟೂಲು ಹಿಡಿದುಕೊಳ್ಳತಕ್ಕದ್ದು."