ಸೋಬಾನೆ ಪದಕ್ಕೆ ಹಾಕಿದ ಬೀಗ

ನಾನೇ ಹಾಕಿದ ಬೀಗವನ್ನು ನಾನೇ ತೆಗೆಯೋಕೆ ಹೋಗಿ ಏನಾಯ್ತು, ಹೇಳಿ ನೋಡೋಣ? ಊಹೂಂ, ಕೀಲಿ ಕಳೆದಿರಲಿಲ್ಲ. ಕೈಯಲ್ಲೇ ಇತ್ತು! ರಿಟೈರಾದ ಫಿಸಿಕ್ಸ್ ಮೇಷ್ಟ್ರಿಗೆ ಇಂಥವು ಆಗ್ತಲೇ ಇರುತ್ತವೆ.

ಧನಗೆರೆಯ ಅಜ್ಜಿಯೊಬ್ಬರು ತಮ್ಮ ಮನೆತನದ ಸೋಬಾನೆ ಪದವನ್ನು ನನ್ನ ಹತ್ತಿರ ರೆಕಾರ್ಡ್ ಮಾಡಿಸಿದ್ದರು. ಷರತ್ತು ಒಂದೇ: ಅವರ ಮನೆಯವರಲ್ಲದೆ ಬೇರೆ ಯಾರೂ ತೆಗೆದು ಕೇಳಬಾರದು. ಅದಕ್ಕೇ ಕಂಪ್ಯೂಟರಿನಲ್ಲಿ ಗೂಢಲಿಪಿಯ ಬೀಗ ಜಡಿದೆ. ಕೀಲಿ ಅಂದರೆ ಒಂದು ಪುಟದಷ್ಟು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಫೈಲು, ಅಷ್ಟೆ. ಆಮೇಲೆ ಅಜ್ಜಿ ತೀರಿಕೊಂಡರು.

ಆ ಅಜ್ಜಿಯ ಮೊಮ್ಮಗಳಿಗೆ ಮದುವೆ ಗೊತ್ತಾಯಿತು. "ಅಜ್ಜಿ ಪದ ಕೇಳ್ದೆ ನಾನು ಅಸೆಮಣೆ ಮೇಲೆ ಕೂರಕಿಲ್ಲ ತಾತ" ಅಂತ ಹುಡುಗಿ ಹಟ ಹಿಡಿದಳು. ನಾನೂ ಹಟ ಹಿಡಿದೆ. ಆದರೆ ಹಳೇ ಕಂಪ್ಯೂಟರಿನ ಸಾಫ್ಟ್‌ವೇರ್ ಬರೆದಿಟ್ಟ ಕೀಲಿಯನ್ನು ಹೊಸ ಕಂಪ್ಯೂಟರಿನ ಸಾಫ್ಟ್‌ವೇರ್ ಮೂಸಿಯೂ ನೋಡಲಿಲ್ಲ. ಕೀಲಿ ಅದೇ, ಬರೆಯುವ ಮಾದರಿ ಬೇರೆ!

ಯಳಂದೂರಿನಲ್ಲಿ

ಸೈಬರ್ ಅಂಗಡಿಯವನು, "ಇಷ್ಟೇನಾ ಸಾ? ಫೈಲ್ ಎಸ್ರು ಬದ್ಲಾಯಿಸಿದ್ರೆ ಆಯ್ತು" ಅಂದ. ಬದಲಾಯಿಸಿದ, ತೆರೆಯಲಿಲ್ಲ. ಇನ್ನೊಂದು ಹೆಸರಿಟ್ಟ, ಊಹೂಂ. ಏಳನೆಯದಕ್ಕೆ ಬೆವರು ಒರೆಸಿಕೊಂಡು ಅಂದ: "ಇನ್ನು ನೀವೇ ಜಾತ್ಕ ನೋಡಿ ಒಂದೆಸ್ರು ಏಳಿ ಸಾ!"

ಹನೂರಿನಲ್ಲಿ

ಡಿಟಿಪಿ ಅಂಗಡಿಯ ಹೆಣ್ಣುಮಗಳು ಕೀಲಿ ನೋಡಿದವಳೇ ನಕ್ಕಳು. "ಅಯ್ಯೋ, ಇದು ಅಳೇ ಕನ್ನಡ ಫಾಂಟು ಕಣ್ರಿ ಸಾ. ಇಂಗೇ ಇಂಗ್ಲಿಷ್ ತರ ಕಾಣ್ತದೆ. ಕನ್ವರ್ಟ್ ಮಾಡಿಕೊಡ್ತೀನಿ, ಟೀ ಕುಡ್ಕಂಡು ಬನ್ನಿ."

ಕುಡಿದು ಬಂದೆ. ನನ್ನ ಗುಟ್ಟಿನ ಕೀಲಿ ದಪ್ಪ ಕನ್ನಡ ಅಕ್ಷರಗಳಲ್ಲಿ, ಸುತ್ತ ಹೂವಿನ ಬಾರ್ಡರ್ ಸಮೇತ ಕಂಗೊಳಿಸುತ್ತಿತ್ತು.

"ಫ್ಲೆಕ್ಸ್ ರೆಡಿ ಸಾ. ಪಕ್ಕದಲ್ಲಿ ಯಾರ ಫೋಟೋ ಆಕ್ಲಿ?"

ಕೊಳ್ಳೇಗಾಲದಲ್ಲಿ, ಮನೆಯಲ್ಲೇ

ಪುಣ್ಯಕ್ಕೆ ಮೂಲ ಫೈಲು ನನ್ನ ಪೆನ್‌ಡ್ರೈವ್‌ನಲ್ಲಿ ಭದ್ರವಾಗಿತ್ತು. ಹಳೇ ಕಂಪ್ಯೂಟರನ್ನು ಅಟ್ಟದಿಂದ ಇಳಿಸಿ ಕೂತೆ. "ಊರೋರೆಲ್ಲ ಮಾಂಸದಂಗಡಿ ಮುಂದೆ ನಿಂತವ್ರೆ, ನೀವು ಇದರ ಮುಂದೆ!" ಅಂದಳು ನನ್ನವಳು. ಜಗ್ಗಲಿಲ್ಲ. ಹುಡುಕಿ ಹುಡುಕಿ ಕೊನೆಗೆ ಸಿಕ್ಕಿತು: ಹೊಸ ಸಾಫ್ಟ್‌ವೇರ್ ಓದುವ ಮಾದರಿಯಲ್ಲೇ ಕೀಲಿಯನ್ನು ಬರೆದುಕೊಡುವ ಆಯ್ಕೆ ಆ ಹಳೇ ಸಾಫ್ಟ್‌ವೇರ್‌ನಲ್ಲೇ ಇತ್ತು!

ಹುಡುಗಿ, ಅವಳವ್ವ ಓಡಿಬಂದರು. ಬೀಗ ತೆರೆಯಿತು. ಪದಕ್ಕಿಂತ ಮೊದಲು ಅಜ್ಜಿಯ ಮಾತು ಕೇಳಿಸಿತು: "ಬೀಗ ಗಟ್ಟಿಯಾಗಿ ಅದಾ ಮೇಷ್ಟ್ರೇ? ಯಾರಿಗೂ ತಗಿಯಕ್ಕಾಗಬಾರ್ದು."

ಹಿಂದೆಯೇ ನನ್ನ ದನಿ: "ಯಾರಿಗೂ ಆಗಲ್ಲ ಅಜ್ಜಿ."

"ನಿಮ್ಗೆ?"

"ನನಗಾ? ಚಿಟಿಕೆ ಹೊಡೆಯೋಷ್ಟರಲ್ಲಿ!"

ಹುಡುಗಿ ಬಿದ್ದು ಬಿದ್ದು ನಕ್ಕಳು. ಸೋಬಾನೆ ಶುರುವಾದದ್ದೇ ಕಣ್ಣೊರೆಸಿಕೊಂಡಳು. ಮಾಂಸ ತಂದೆನೋ ಇಲ್ಲವೋ ಮರೆತಿದ್ದೇನೆ, ದಿನ ಮಾತ್ರ ಮರೆತಿಲ್ಲ: ಯುಗಾದಿಯ ಮಾರನೇ ದಿನ, ಹೊಸತೊಡಕು.