ನೆಲ ಮುಟ್ಟದ ಕಂಬ

ಗುಹೆಯೊಳಗಿನ ಹಳೇ ಕಾವಲುಗಾರ ನಿವೃತ್ತನಾದದ್ದೇ ಎಲ್ಲಕ್ಕೂ ಮೂಲ. ಮೂರು ತಿಂಗಳಿಂದ ಗೇಟು ಕಾಯುತ್ತಿದ್ದ ಹಂಗಾಮಿ ಕಾವಲುಗಾರನನ್ನು ಅವತ್ತು ಬೆಳಿಗ್ಗೆ ಮೊದಲ ಸಲ ಒಳಗೆ ಕಳಿಸಿದರು. ಹತ್ತು ಗಂಟೆಗೆ ಪುರಾತತ್ವ ಇಲಾಖೆಯ ಹೊಸ ಸಾಹೇಬರು ಬರುವವರಿದ್ದರು. ಅವರು ಮೆಚ್ಚಿದರೆ ನೌಕರಿ ಖಾಯಂ. ಇಪ್ಪತ್ತು ವರ್ಷ ಗಾರೆ ಕೆಲಸ ಮಾಡಿ ಮಂಡಿ ಸವೆಸಿಕೊಂಡವನಿಗೆ ಕೂತು ಮಾಡುವ ಕೆಲಸವೆಂದರೆ ಸ್ವರ್ಗ. "ಖಾಯಂ ಆಗ್ದೆ ಮನೆ ಕಡೆ ತಲೆ ಹಾಕ್ಬೇಡಿ" ಎಂದು ಹೆಂಡತಿ ಹೇಳಿಯೇ ಕಳಿಸಿದ್ದಳು.

ಒಳಗೆ ಬೆಟ್ಟದ ಹೊಟ್ಟೆ ಕೊರೆದು ಮಾಡಿದ ಉದ್ದನೆಯ ಪ್ರಾರ್ಥನಾ ಮಂದಿರ. ದೋಣಿ ಮಗುಚಿಟ್ಟಂಥ ಚಾವಣಿ, ಮರದ್ದೇ ಎನ್ನುವಂತೆ ಕೆತ್ತಿದ ಕಲ್ಲಿನ ತೊಲೆಗಳು, ಕೊನೆಯಲ್ಲಿ ಗುಂಡನೆಯ ಸ್ತೂಪ, ಅದರ ಮುಂದೆ ಕಣ್ಣು ಮುಚ್ಚಿ ಕೂತ ಬುದ್ಧ. ಎರಡೂ ಬದಿಗೆ ಕಂಬಗಳ ಸಾಲು. ಎಡಗಡೆಯ ಮೂರನೇ ಕಂಬಕ್ಕೆ ಮಾತ್ರ ಬುಡವೇ ಇಲ್ಲ! ಒಣಹಾಕಿದ ಪೈಜಾಮದ ಕಾಲಿನಂತೆ ನೆಲದಿಂದ ಮೂರಡಿ ಮೇಲೆ ನೇತಾಡುತ್ತಿದೆ.

ಬುಡ ಮುರಿದು ಬಿದ್ದಿದೆ ಎಂದುಕೊಂಡು ಅವನು ಹೊರಗೆ ಓಡಿದ. ಅಲ್ಲಿದ್ದ ಮಾಲಿಯನ್ನು ಎಳೆದು ತಂದ. ಮಾಲಿ ಹದಿನೈದು ವರ್ಷದಲ್ಲಿ ಒಮ್ಮೆಯೂ ಗುಹೆಯೊಳಗೆ ಕಾಲಿಟ್ಟವನಲ್ಲ. ಗೊತ್ತಿಲ್ಲ ಎನ್ನುವ ಜಾಯಮಾನದವನೂ ಅಲ್ಲ.

"ಅಯ್ಯೋ ಮಾರಾಯ, ನಿನ್ನೆ ನೆಟ್ಟಗಿತ್ತಲ್ಲೋ! ನೀನು ಬಂದ ದಿನವೇ ಬಿತ್ತಾ?"

"ಸಾಹೇಬ್ರು ಬರ್ತಾರಲ್ಲಪ್ಪಾ, ಏನ್ಮಾಡ್ಲಿ?"

"ಗಾರೆಯವನು ನೀನು, ನನ್ನ ಕೇಳ್ತೀಯಾ? ಕಾಂಪೌಂಡಿಗೆ ತಂದ ಇಟ್ಟಿಗೆ, ಸಿಮೆಂಟು ಶೆಡ್ಡಲ್ಲಿದೆ. ಬೇಗ ಹಾಕು, ಚಾವಣಿ ಕುಸಿದ್ರೆ ಬುದ್ಧನೂ ಅಪ್ಪಚ್ಚಿ!"

ಎರಡು ಗಂಟೆಯಲ್ಲಿ ಕಂಬ ನೆಲ ಮುಟ್ಟಿತು. ಕಾವಲುಗಾರ ಕರಣೆ ಒರೆಸುತ್ತ ದೂರ ನಿಂತು ನೋಡಿದ. ಬಾಸಿಂಗ ಕಟ್ಟಿದ ಮದುಮಗನ ಹಾಗೆ ಕಾಣುತ್ತಿತ್ತು.

ಅಷ್ಟರಲ್ಲಿ ಪ್ರವಾಸಿಗರ ಫೋಟೋ ತೆಗೆಯುವವನು ಬಂದ. ಬಂದವನೇ ಬಾಯಿ ಬಡಿದುಕೊಂಡ.

"ಯಾವನ್ರೀ ನನ್ನ ಹೊಟ್ಟೆ ಮೇಲೆ ಹೊಡೆದಿದ್ದು? ಜನ ಬರೋದೇ ಈ ಕಂಬದ ಕೆಳಗೆ ತೂರಿ ಫೋಟೋ ತೆಗೆಸ್ಕೊಳ್ಳೋಕೆ!"

"ಬಿದ್ದು ಹೋಗಿತ್ತಲ್ಲಣ್ಣ..."

"ನಿಮ್ಮಜ್ಜ ಹುಟ್ಟೋಕೆ ಮೊದಲೇ ಬುಡ ಉದುರಿತ್ತು! ಇದು ಕಟ್ಟಿದ್ದಲ್ಲ ಕಣಯ್ಯಾ. ಬೆಟ್ಟಾನ ಮೇಲಿಂದ ಕೆತ್ತುತ್ತಾ ಬಂದಿದ್ದು. ಕಂಬ, ಚಾವಣಿ ಎಲ್ಲಾ ಒಂದೇ ಕಲ್ಲು. ಆ ಕಂಬ ಒಂದು ಗುಬ್ಬಚ್ಚೀನೂ ಹೊತ್ತಿಲ್ಲ. ಸಾಹೇಬ್ರು ನೋಡಿದ್ರೆ ಜೈಲೇ!"

ಮಾಲಿ ತಟ್ಟನೆ ನೀರಿನ ಪೈಪು ನೆನಪಾದವನಂತೆ ಹೊರಗೆ ಓಡಿದ. ಕಾವಲುಗಾರ ಸುತ್ತಿಗೆ ಎತ್ತಿಕೊಂಡ. ಕಟ್ಟಿದ್ದನ್ನೆಲ್ಲ ಹಲ್ಲು ಕಚ್ಚಿ ಕೆಡವಿದ. ಮಂಡಿ ಕಟಕಟ ಎಂದಿತು. ಕಂಬ ಮತ್ತೆ ನೇತಾಡಿತು. ಫೋಟೋದವನು ಸಮಾಧಾನವಾಗಿ ಗಿರಾಕಿಗಳನ್ನು ಹುಡುಕಲು ಹೊರಟ.

ಅವನು ಅತ್ತ ಹೋದ, ಸಾಹೇಬರು ಇತ್ತ ಬಂದರು. ಮೀನುಗಾರಿಕೆ ಇಲಾಖೆಯಿಂದ ಸೋಮವಾರವಷ್ಟೇ ವರ್ಗವಾಗಿ ಬಂದವರು. ಕಂಬ ನೋಡಿದರು, ಸುತ್ತಿಗೆ ನೋಡಿದರು.

"ಹಾಳು ಮಾಡಿದ್ಯಲ್ಲೋ!"

"ಇಲ್ಲ ಸಾರ್, ಇದು ನೂರಾರು ವರ್ಷದಿಂದ್ಲೂ ಹೀಗೇ..."

ಸಾಹೇಬರು ಬಗ್ಗಿ ನೆಲದ ಮೇಲೆ ಬಿದ್ದಿದ್ದ ಗಾರೆಯ ಚೂರೊಂದನ್ನು ಹಿಸುಕಿದರು. "ನೂರಾರು ವರ್ಷ? ಸಿಮೆಂಟು ಇನ್ನೂ ಹಸಿ ಇದೆ! ಬುಡ ಇಲ್ದೆ ಕಂಬ ನಿಲ್ಲುತ್ತೆ ಅಂತ ನಂಗೇ ಹೇಳ್ತೀಯಾ? ಸಂಜೆಯೊಳಗೆ ಇದು ನೆಲ ಮುಟ್ಟಿರ್ಬೇಕು. ಇಲ್ಲಾಂದ್ರೆ ನಾಳೆಯಿಂದ ಬರ್ಬೇಡ. ಖಾಯಂ ಅಂತೆ, ಖಾಯಂ!"

ಅವರು ಹೋದ ಮೇಲೆ ಕಾವಲುಗಾರ ಮಂಡಿಯೂರಿ, ಒಡೆದ ಇಟ್ಟಿಗೆಗಳಲ್ಲಿ ಗಟ್ಟಿಯಾದವನ್ನು ಆರಿಸತೊಡಗಿದ. ಬಾಗಿಲಲ್ಲಿ ಫೋಟೋದವನ ಕೂಗು ಕೇಳಿಸಿತು:

"ಬನ್ನಿ ಬನ್ನಿ, ಮೂವತ್ತು ಜನಾನೂ ಸಾಲಾಗಿ ಬನ್ನಿ! ಗಾಳಿಯಲ್ಲಿ ನಿಂತ ಕಂಬ!"